ಪಟ್ಟಿ ಹಾಕುವಾಗ ಏನನ್ನು ಎಣಿಸಬೇಕು?

ಬೈಲಹೊಂಗಲ ತಾಲೂಕಿನ ನಮ್ಮ ಊರಲ್ಲಿ ಜಾತ್ರೆಗೆ ಒಂದು ತಿಂಗಳಿರುವಾಗ ಹಿರಿಯರು ಗುಡಿ ಕಟ್ಟೆ ಮೇಲೆ ಕೂತು ಪಟ್ಟಿ ಹಾಕುತ್ತಿದ್ದರು. ತೇರಿನ ಹಗ್ಗ, ಹುಗ್ಗಿ ಪ್ರಸಾದ, ಕುಸ್ತಿಯ ಬಹುಮಾನ, ರಾತ್ರಿಯ ಆಟ. ಎಲ್ಲಕ್ಕೂ ದುಡ್ಡು ಬೇಕಲ್ಲ. ನಾನು ಸಣ್ಣವನಿದ್ದಾಗ ಮನೆಗೆ ಇಷ್ಟು ಅಂತ ಒಂದೇ ಲೆಕ್ಕ. ಒಂದು ವರ್ಷ ಕೂಲಿ ಮಾಡುವ ಒಬ್ಬರು ಎದ್ದು ನಿಂತು ಕೇಳಿದರು: "ನಲವತ್ತು ಎಕರೆ ಇದ್ದವರಿಗೂ ಅಷ್ಟ, ನನಗೂ ಅಷ್ಟ. ಇದು ಹೆಂಗ ಸರಿ ರೀ?" ಮುಂದಿನ ವರ್ಷದಿಂದ ಎಕರೆಗೆ ಇಷ್ಟು ಅಂತಾಯಿತು. ಆಗ ಇನ್ನೊಬ್ಬರು ಎದ್ದರು: "ಮಳಿ ಇಲ್ಲ, ಬೆಳಿ ಇಲ್ಲ. ನನ್ನ ಬರಡು ಎಕರೆ ಎಣಿಸ್ತೀರಿ, ಅಂಗಡಿ ಇಟ್ಟವರ ಗಲ್ಲಾ ಯಾಕ ಎಣಿಸಂಗಿಲ್ಲ?"

ಇಬ್ಬರ ಮಾತಿನಲ್ಲೂ ನ್ಯಾಯ ಇತ್ತು. ಆ ಜಗಳ ನನ್ನ ತಲೆಯಲ್ಲಿ ಹಾಗೇ ಉಳಿದಿದೆ. ಬೆಳಗಾವಿಗೆ ಬಂದು ನೆಲೆಸಿದ ಮೇಲೆ ಪ್ರತಿ ಏಪ್ರಿಲ್‌ನಲ್ಲಿ ಮನೆ ಪಟ್ಟಿ ತುಂಬಲು ಹೋದಾಗ ಅದೇ ಪ್ರಶ್ನೆ ನೆನಪಾಗುತ್ತದೆ. ನಮ್ಮ ಕಡೆ ಜಾತ್ರೆಯ ವಂತಿಗೆಗೂ ಪಟ್ಟಿ ಅಂತೀವಿ, ಪಾಲಿಕೆಯ ತೆರಿಗೆಗೂ ಪಟ್ಟಿ ಅಂತೀವಿ. ಹೆಸರು ಒಂದೇ ಆದದ್ದು ಸುಮ್ನೆ ಅಲ್ಲ. ಎರಡೂ ಕಡೆ ಕೆಲಸ ಒಂದೇ: ಎಲ್ಲರಿಗೂ ಬೇಕಾದ ಖರ್ಚನ್ನು ಎಲ್ಲರ ನಡುವೆ ಹಂಚುವುದು. ಹಂಚುವಾಗ ಏನನ್ನು ಎಣಿಸುತ್ತೀರಿ ಅನ್ನುವುದರ ಮೇಲೆ ಯಾರ ಬೆನ್ನಿಗೆ ಎಷ್ಟು ಭಾರ ಬೀಳುತ್ತದೆ ಅನ್ನುವುದು ತೀರ್ಮಾನವಾಗುತ್ತದೆ.

ಒಂದು ಲೆಕ್ಕ ಹಾಕಿ ನೋಡೋಣ. ಒಂದು ಗಲ್ಲಿಯಲ್ಲಿ ಮೂರೇ ಮನೆ ಇವೆ ಅಂದುಕೊಳ್ಳಿ. ಮೊದಲನೆಯದು ಟೈಲರ್ ಮನೆ. ಆರು ಜನ, ಮನೆಯ ಬೆಲೆ 10 ಲಕ್ಷ, ವರ್ಷದ ಗಳಿಕೆ 2 ಲಕ್ಷ 40 ಸಾವಿರ. ಎರಡನೆಯದರಲ್ಲಿ ಒಬ್ಬರೇ ಅಜ್ಜಿ. ಗಂಡ ಕಟ್ಟಿಸಿದ ಹಳೇ ಮನೆ, ಜಾಗಕ್ಕೆ ಬೆಲೆ ಬಂದು ಈಗ 60 ಲಕ್ಷ, ಆದರೆ ಕೈಗೆ ಬರುವುದು ವರ್ಷಕ್ಕೆ 1 ಲಕ್ಷ 80 ಸಾವಿರದ ಪಿಂಚಣಿ. ಮೂರನೆಯದು ಡಾಕ್ಟರ್ ಮನೆ. ಮೂರು ಜನ, ಮನೆಯ ಬೆಲೆ 80 ಲಕ್ಷ, ಗಳಿಕೆ 25 ಲಕ್ಷ 80 ಸಾವಿರ. ಈ ಗಲ್ಲಿಯಿಂದ ವರ್ಷಕ್ಕೆ 30,000 ರೂಪಾಯಿ ಎತ್ತಬೇಕು.

ತಲೆ ಎಣಿಸಿದರೆ ಒಟ್ಟು ಹತ್ತು ತಲೆ, ತಲೆಗೆ 3,000. ಟೈಲರ್ 18,000, ಅಜ್ಜಿ 3,000, ಡಾಕ್ಟರ್ 9,000. ಮನೆಯ ಬೆಲೆ ಹಿಡಿದರೆ ಟೈಲರ್ 2,000, ಅಜ್ಜಿ 12,000, ಡಾಕ್ಟರ್ 16,000. ಗಳಿಕೆ ಹಿಡಿದರೆ ಟೈಲರ್ 2,400, ಅಜ್ಜಿ 1,800, ಡಾಕ್ಟರ್ 25,800. ಇನ್ನು ನೀರಿನ ಬಳಕೆ ಅಳೆದು ಹಂಚುತ್ತೀವಿ ಅನ್ನಿ. ಟೈಲರ್ ಮನೆಗೆ ತಿಂಗಳಿಗೆ 15 ಸಾವಿರ ಲೀಟರ್, ಅಜ್ಜಿಗೆ 3, ಕೈತೋಟವಿರುವ ಡಾಕ್ಟರ್‌ಗೆ 22. ಆಗ ಟೈಲರ್ 11,250, ಅಜ್ಜಿ 2,250, ಡಾಕ್ಟರ್ 16,500.

ಗಲ್ಲಿ ಅದೇ, ಒಟ್ಟು ಮೊತ್ತ ಅದೇ. ಟೈಲರ್ ಕಟ್ಟಬೇಕಾದದ್ದು ಮಾತ್ರ 2,000ದಿಂದ 18,000ಕ್ಕೆ ಜಿಗಿಯುತ್ತದೆ. ತೆರಿಗೆ ಜಾಸ್ತಿಯೋ ಕಡಿಮೆಯೋ ಅಂತ ನಾವು ಎಷ್ಟೊಂದು ಮಾತಾಡುತ್ತೀವಿ. ಯಾವುದನ್ನು ಎಣಿಸಿದ್ದಾರೆ ಅಂತ ಕೇಳುವುದೇ ಇಲ್ಲ.

ತಲೆ ಎಣಿಸುವ ಪದ್ಧತಿ ಈ ಕಾಲದಲ್ಲಿ ಯಾರು ಮಾಡುತ್ತಾರೆ ಅನಿಸಬಹುದು. ಬ್ರಿಟನ್ ಮಾಡಿತ್ತು. ಮಾರ್ಗರೆಟ್ ಥ್ಯಾಚರ್ ಸರ್ಕಾರ 1989ರಲ್ಲಿ ಸ್ಕಾಟ್ಲೆಂಡಿನಲ್ಲಿ, 1990ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹಳೆಯ ಮನೆ ತೆರಿಗೆ ತೆಗೆದು ಪ್ರತಿ ವಯಸ್ಕರಿಗೆ ಇಷ್ಟು ಅಂತ ತೆರಿಗೆ ತಂದಿತು. ಜನ ಅದನ್ನು ಪೋಲ್ ಟ್ಯಾಕ್ಸ್, ಅಂದರೆ ತಲೆ ತೆರಿಗೆ ಅಂತಲೇ ಕರೆದರು. ಸರ್ಕಾರದ ವಾದ ಸುಳ್ಳಾಗಿರಲಿಲ್ಲ: ಊರಿನ ಸೌಲಭ್ಯ ಎಲ್ಲರೂ ಬಳಸುತ್ತಾರೆ, ಮತ ಎಲ್ಲರೂ ಹಾಕುತ್ತಾರೆ, ಹಾಗಾಗಿ ಎಲ್ಲರೂ ಕೊಡಲಿ. ಬಡವರಿಗೆ ರಿಯಾಯಿತಿ ಇತ್ತು, ಆದರೂ ಕಡುಬಡವರು ಕೂಡ ಐದರಲ್ಲಿ ಒಂದು ಭಾಗ ಕಟ್ಟಲೇಬೇಕಿತ್ತು. ಬಂಗಲೆಯ ಯಜಮಾನನಿಗೂ ಅವನ ಮನೆ ಕಸ ಎತ್ತುವವನಿಗೂ ಒಂದೇ ದರ ಅಂದಾಗ ಜನ ರೊಚ್ಚಿಗೆದ್ದರು. 1990ರ ಮಾರ್ಚ್ 31ರಂದು ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ಪ್ರತಿಭಟನೆ ಗಲಭೆಯಾಯಿತು. ತೆರಿಗೆ ತಪ್ಪಿಸಲು ಎಷ್ಟೋ ಮಂದಿ ಮತದಾರರ ಪಟ್ಟಿಯಿಂದಲೇ ದೂರ ಉಳಿದರು. ಅದೇ ನವೆಂಬರ್‌ನಲ್ಲಿ ಥ್ಯಾಚರ್ ಅಧಿಕಾರ ಬಿಡುವುದಕ್ಕೆ ಇದೂ ಒಂದು ದೊಡ್ಡ ಕಾರಣವಾಯಿತು.

ನಮ್ಮಲ್ಲಿ ಆ ಹೆಸರಿನ ತೆರಿಗೆ ಇಲ್ಲ. ಆದರೆ ಅದರ ತಮ್ಮಂದಿರು ಇದ್ದಾರೆ. ನಳಕ್ಕೆ ತಿಂಗಳಿಗೆ ಇಷ್ಟು ಅಂತ ಒಂದೇ ದರದ ನೀರಿನ ಪಟ್ಟಿ ಬಂದರೆ, ಎರಡು ಕೊಡ ಹಿಡಿಯುವ ಮನೆಗೂ ಮಾಳಿಗೆಯ ಟಾಕಿಗೆ ಮೋಟಾರ್ ಹಚ್ಚುವ ಮನೆಗೂ ಒಂದೇ ಲೆಕ್ಕ. ನಮ್ಮೂರ ಜಾತ್ರೆಯ ಹಳೇ ಪಟ್ಟಿಯ ಹಾಗೆಯೇ ಇದು ಮನೆಗೆ ಇಷ್ಟು.

ಇನ್ನೊಂದು ಹಳೇ ದಾರಿ ಜಕಾತಿ. ಊರೊಳಗೆ ಬರುವ ಸರಕಿನ ಮೇಲೆ ನಾಕಾದಲ್ಲಿ ವಸೂಲಿ. ಬೆಳಗಾವಿಯಲ್ಲಿ ವಯಸ್ಸಾದವರ ಬಾಯಲ್ಲಿ ನಾಕಾ ಅನ್ನುವ ಮಾತು ಇನ್ನೂ ಇದೆ. ಕರ್ನಾಟಕ 1979ರಲ್ಲಿ ಜಕಾತಿ ತೆಗೆದುಹಾಕಿತು. ಪಕ್ಕದ ಮಹಾರಾಷ್ಟ್ರದ ಮುಂಬೈಯಲ್ಲಿ ಅದು 2017ರಲ್ಲಿ ಜಿಎಸ್‌ಟಿ ಬರುವವರೆಗೂ ನಡೆಯಿತು. ಪುರಸಭೆಗಳಿಗೆ ಜಕಾತಿ ಬಹಳ ಇಷ್ಟವಾಗಿತ್ತು, ಯಾಕೆಂದರೆ ದಿನದಿನ ರೋಖ ಬರುತ್ತಿತ್ತು. ಯಾರ ಮನೆ ಬಾಗಿಲಿಗೂ ಹೋಗುವ ಕೆಲಸ ಇಲ್ಲ. ಆದರೆ ಲಾರಿಯವನು ಕೊಟ್ಟ ಜಕಾತಿ ಅಕ್ಕಿ, ಬೆಲ್ಲ, ಎಣ್ಣೆಯ ಬೆಲೆಯೊಳಗೆ ಕೂತು ನಮ್ಮ ಮನೆಗೇ ಬರುತ್ತಿತ್ತು. ಗಳಿಸಿದ್ದೆಲ್ಲ ಕಿರಾಣಿಗೆ ಹೋಗುವ ಮನೆಗೆ ಇದರ ಪೆಟ್ಟು ಜಾಸ್ತಿ. ಉಳಿತಾಯ ಮಾಡುವಷ್ಟು ಇರುವವರಿಗೆ ಕಡಿಮೆ. ಕೊಡುವವನಿಗೆ ತಾನು ಕೊಡುತ್ತಿದ್ದೇನೆ ಅಂತಲೇ ಗೊತ್ತಾಗುವುದಿಲ್ಲ. ಗೊತ್ತಿಲ್ಲದವನು ಲೆಕ್ಕ ಹೇಗೆ ಕೇಳಿಯಾನು? ನನಗೆ ಜಕಾತಿಯ ದೊಡ್ಡ ದೋಷ ಇದೇ ಅನಿಸುತ್ತದೆ.

ಹಾಗಾದರೆ ಗಳಿಕೆ ಎಣಿಸೋಣ, ಅದೇ ನ್ಯಾಯ ಅಲ್ವಾ? ನಮ್ಮ ಗಲ್ಲಿಯ ಲೆಕ್ಕದಲ್ಲಿ ಅದೇ ಹೆಚ್ಚು ಸರಿಯಾಗಿ ಕಂಡಿತು. ಸ್ವೀಡನ್ನಿನಲ್ಲಿ ಹೀಗೇ ನಡೆಯುತ್ತದೆ. ಅಲ್ಲಿ ಪುರಸಭೆ ಮತ್ತು ಪ್ರಾಂತ್ಯ ಸೇರಿ ಜನರ ಆದಾಯದಲ್ಲಿ ಸರಾಸರಿ ಶೇ 32ರಷ್ಟು ತೆಗೆದುಕೊಳ್ಳುತ್ತವೆ. ಶಾಲೆ, ಆಸ್ಪತ್ರೆ, ವೃದ್ಧರ ಆರೈಕೆ ಎಲ್ಲ ಅದರಲ್ಲೇ. ಅಲ್ಲಿ ಅದು ನಡೆಯುವುದು ಯಾಕೆಂದರೆ ಬಹುತೇಕ ಎಲ್ಲರ ಗಳಿಕೆಯೂ ಕಾಗದದ ಮೇಲೆ ಇರುತ್ತದೆ.

ಬೆಳಗಾವಿಗೆ ಬಂದು ನೋಡಿ. ಗಳಿಕೆ ಕಾಗದದ ಮೇಲೆ ಇರುವುದು ಯಾರದ್ದು? ಶಿಕ್ಷಕರದ್ದು, ಬ್ಯಾಂಕಿನವರದ್ದು, ಕಾರ್ಖಾನೆಯ ಕಾಯಂ ನೌಕರರದ್ದು. ರೋಖದಲ್ಲಿ ವ್ಯವಹಾರ ಮಾಡುವವರದ್ದು ಸಿಗುವುದಿಲ್ಲ. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ, ಹಾಗಾಗಿ ನೂರಾರು ಟನ್ ಕಬ್ಬು ಕಳಿಸುವ ದೊಡ್ಡ ಹಿಡುವಳಿದಾರರ ಲೆಕ್ಕವೂ ಸಿಗುವುದಿಲ್ಲ. ಆಗ ನ್ಯಾಯದ ಹೆಸರಿನಲ್ಲಿ ತಂದ ತೆರಿಗೆ ಸಂಬಳದವರ ತೆರಿಗೆ ಮಾತ್ರ ಆಗಿಬಿಡುತ್ತದೆ.

ಇದಕ್ಕೆ ಹತ್ತಿರದ ಒಂದು ತೆರಿಗೆ ನಮ್ಮಲ್ಲಿ ಈಗಲೇ ಇದೆ, ವೃತ್ತಿ ತೆರಿಗೆ. ಸಂವಿಧಾನದ 276ನೇ ವಿಧಿ ಅದಕ್ಕೆ ವರ್ಷಕ್ಕೆ 2,500 ರೂಪಾಯಿಯ ಮಿತಿ ಹಾಕಿದೆ. 1988ರ ತಿದ್ದುಪಡಿಯಲ್ಲಿ 250 ಇದ್ದದ್ದನ್ನು 2,500 ಮಾಡಿದರು, ಆಮೇಲೆ ಮುಟ್ಟಿಲ್ಲ. ತಿಂಗಳಿಗೆ 30 ಸಾವಿರ ದುಡಿಯುವವರಿಗೂ 3 ಲಕ್ಷ ದುಡಿಯುವವರಿಗೂ ಅದೇ ಮಿತಿ. ಹೆಸರಿಗೆ ಗಳಿಕೆಯ ತೆರಿಗೆ, ಒಂದು ಮಟ್ಟ ದಾಟಿದ ಮೇಲೆ ಅದೂ ತಲೆ ಎಣಿಕೆಯೇ. ತಮಿಳುನಾಡು, ಕೇರಳದಲ್ಲಿ ಈ ಹಣ ಸ್ಥಳೀಯ ಸಂಸ್ಥೆಗೆ ಹೋಗುತ್ತದೆ. ನಮ್ಮಲ್ಲಿ ರಾಜ್ಯ ಸರ್ಕಾರವೇ ವಸೂಲಿ ಮಾಡುತ್ತದೆ.

ಹೀಗೆ ಸುತ್ತಿ ಬಂದರೆ ಉಳಿಯುವುದು ಮನೆ ಮತ್ತು ಜಾಗ. ನಗರ ಆಡಳಿತಕ್ಕೆ ಬೆನ್ನೆಲುಬಾಗಿ ಇದೇ ಸರಿ ಅಂತ ನಾನು ನಂಬಿದ್ದೇನೆ. ಮನೆಯನ್ನು ಬಚ್ಚಿಡಲು ಆಗುವುದಿಲ್ಲ. ಇನ್ನೊಂದು ಕಾರಣ ಇನ್ನೂ ಮುಖ್ಯ. ಬೆಳಗಾವಿಯ ಟಿಳಕವಾಡಿಯಲ್ಲಿ ಒಂದು ಗುಂಟೆಗೆ ಇಷ್ಟೊಂದು ಬೆಲೆ ಯಾಕೆ? ಅದರ ಮಾಲೀಕರು ಬೆವರು ಸುರಿಸಿದ್ದಕ್ಕೆ ಬಂದ ಬೆಲೆ ಅಲ್ಲ. ರಸ್ತೆ, ದೀಪ, ಗಟಾರು, ಶಾಲೆ, ಪಕ್ಕದ ಬಜಾರು, ಎಲ್ಲ ಸೇರಿ ತಂದ ಬೆಲೆ. ಊರು ತಂದುಕೊಟ್ಟ ಬೆಲೆಯಲ್ಲಿ ಸ್ವಲ್ಪ ಊರಿಗೆ ವಾಪಸ್ ಕೊಡಿ ಅಂತ ಕೇಳುವುದು ತಪ್ಪಲ್ಲ.

ನಮ್ಮ ಊರುಗಳಲ್ಲಿ ಈ ತೆರಿಗೆ ಹೇಗೆ ಲೆಕ್ಕವಾಗುತ್ತದೆ? ಆಸ್ತಿ ನೋಂದಣಿಗೆ ಸರ್ಕಾರ ಪ್ರದೇಶವಾರು ಗೊತ್ತುಮಾಡಿ ಉಪನೋಂದಣಿ ಕಚೇರಿಯಲ್ಲಿ ಬಳಸುವ ಮಾರ್ಗಸೂಚಿ ದರ ಇದೆಯಲ್ಲ, ಅದೇ ಬುನಾದಿ. ಜಾಗದ ಬೆಲೆ, ಕಟ್ಟಡದ ಬೆಲೆ ಕೂಡಿಸಿ, ಕಟ್ಟಡದ ವಯಸ್ಸಿಗೆ ತಕ್ಕಷ್ಟು ಸವಕಳಿ ಕಳೆದು, ಉಳಿದದ್ದರ ಒಂದು ಭಾಗವನ್ನು ತೆರಿಗೆಗೆ ಹಿಡಿಯುತ್ತಾರೆ. ವಾಸದ ಮನೆಗೆ ಒಂದು ದರ, ಅಂಗಡಿಗೆ ಅದಕ್ಕಿಂತ ಹೆಚ್ಚಿನ ದರ. ಕನಿಷ್ಠ ಎಷ್ಟು, ಗರಿಷ್ಠ ಎಷ್ಟು ಅಂತ ಕಾನೂನು ಹೇಳುತ್ತದೆ. ಅದರ ನಡುವೆ ಎಲ್ಲಿ ನಿಲ್ಲಬೇಕು ಅಂತ ನಾವು ಆರಿಸಿದ ಸದಸ್ಯರು ತೀರ್ಮಾನಿಸಬೇಕು. ಇದರ ಮೇಲೆ ಕರದ ಮೇಲೆ ಕರ: ರೂಪಾಯಿಗೆ ಆರೋಗ್ಯಕ್ಕೆ 15 ಪೈಸೆ, ಗ್ರಂಥಾಲಯಕ್ಕೆ 6 ಪೈಸೆ, ಭಿಕ್ಷುಕರ ಪುನರ್ವಸತಿಗೆ 3 ಪೈಸೆ. ಇವು ಪಾಲಿಕೆಯ ಗಂಟಿಗೆ ಸೇರುವ ಹಣ ಅಲ್ಲ. ಚಲನ್ ನೋಡಿ "ಇಷ್ಟು ಕೊಟ್ಟರೂ ನಮ್ಮ ಗಟಾರು ಹೀಗಿದೆ" ಅಂತ ಸಿಟ್ಟಾಗುವಾಗ ಈ ಭಾಗವನ್ನು ಬಿಟ್ಟು ಲೆಕ್ಕ ಹಾಕಬೇಕು.

ಮನೆ ತೆರಿಗೆ ನ್ಯಾಯವಾಗಿ ಇರಬೇಕಾದರೆ ಅಳತೆ ತಾಜಾ ಇರಬೇಕು. ಅಳತೆ ಹಳೆಯದಾದರೆ ಏನಾಗುತ್ತದೆ ಅನ್ನುವುದಕ್ಕೆ ಮತ್ತೆ ಇಂಗ್ಲೆಂಡ್ ನೋಡಿ. ಪೋಲ್ ಟ್ಯಾಕ್ಸ್ ಬಿಟ್ಟು 1993ರಲ್ಲಿ ಕೌನ್ಸಿಲ್ ಟ್ಯಾಕ್ಸ್ ತಂದರು. ಮನೆಗಳನ್ನು ಬೆಲೆಯ ಮೇಲೆ ಎಂಟು ದರ್ಜೆ ಮಾಡಿದರು. ಆ ಬೆಲೆ 1991ರ ಏಪ್ರಿಲ್ 1ರದ್ದು. ಮೂವತ್ತು ವರ್ಷ ಕಳೆದರೂ ಅಲ್ಲಿ ಅದೇ ಬೆಲೆಯ ಮೇಲೆ ಲೆಕ್ಕ. ಅದಲ್ಲದೆ 40,000 ಪೌಂಡಿನ ಮನೆ ಕೆಳಗಿನ ದರ್ಜೆ, 3,20,000 ಪೌಂಡ್ ಮೀರಿದ್ದೆಲ್ಲ ಮೇಲಿನ ದರ್ಜೆ. ಬೆಲೆಯಲ್ಲಿ ಎಂಟು ಪಟ್ಟಿಗೂ ಹೆಚ್ಚು ಅಂತರ, ತೆರಿಗೆಯಲ್ಲಿ ಬರೀ ಮೂರು ಪಟ್ಟು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1978ರಲ್ಲಿ ಜನಮತದಿಂದ ಇನ್ನೊಂದು ಬಗೆಯ ಕಟ್ಟು ಹಾಕಿದರು. ಮನೆ ಮಾರುವವರೆಗೆ ತೆರಿಗೆಗೆ ಹಿಡಿಯುವ ಬೆಲೆ ವರ್ಷಕ್ಕೆ ಶೇ 2ಕ್ಕಿಂತ ಹೆಚ್ಚು ಏರುವಂತಿಲ್ಲ. ಹಾಗಾಗಿ ಗೋಡೆಗೆ ಗೋಡೆ ಅಂಟಿದ ಎರಡು ಒಂದೇ ತರದ ಮನೆಗಳಲ್ಲಿ, ನಲವತ್ತು ವರ್ಷದ ಹಿಂದೆ ಕೊಂಡವರಿಗಿಂತ ನಿನ್ನೆ ಕೊಂಡವರು ಎಷ್ಟೋ ಪಟ್ಟು ಹೆಚ್ಚು ಕಟ್ಟುತ್ತಾರೆ.

ನಮ್ಮ ರಾಜ್ಯದಲ್ಲಿ ಮಾರ್ಗಸೂಚಿ ದರ 2023ರ ಅಕ್ಟೋಬರ್‌ನಲ್ಲಿ ಏರಿತು. ಅದಕ್ಕೂ ಮೊದಲು ನಾಲ್ಕೈದು ವರ್ಷ ಮುಟ್ಟಿರಲಿಲ್ಲ. ವರ್ಷಾನುಗಟ್ಟಲೆ ಸುಮ್ಮನಿದ್ದು ಒಮ್ಮೆಲೇ ಏರಿಸಿದರೆ ಜನ ಕೂಗುತ್ತಾರೆ. ಕೂಗಿಗೆ ಹೆದರಿ ಮತ್ತೆ ವರ್ಷಾನುಗಟ್ಟಲೆ ಸುಮ್ಮನಿರುತ್ತಾರೆ. ಪ್ರತಿ ವರ್ಷ ಸ್ವಲ್ಪ ಸ್ವಲ್ಪ ಏರಿಸುವುದೇ ಜನರಿಗೂ ಸರ್ಕಾರಕ್ಕೂ ಒಳ್ಳೆಯದು.

ಈಗ ಅಜ್ಜಿಯ ವಿಷಯಕ್ಕೆ ಬರುತ್ತೇನೆ. ಮನೆ ತೆರಿಗೆಯ ಮೇಲಿರುವ ನಿಜವಾದ ದೂರು ಇದು. ನಮ್ಮ ಓಣಿಯಲ್ಲೇ ಇಂಥ ಒಬ್ಬರು ಇದ್ದಾರೆ. ಒಮ್ಮೆ ಚಲನ್ ಹಿಡಿದು ನನ್ನನ್ನು ಕೇಳಿದರು: "ಮನಿ ಬೆಲೆ ಬಂದೈತಿ ಅಂತೀರಿ. ಬೆಲೆ ಏನು ಉಣ್ಣಾಕ ಬರ್ತೈತೇನೋ ತಮ್ಮಾ? ಮನಿ ಮಾರಿ ಪಟ್ಟಿ ತುಂಬ್ಲೇನು?" ನನಗೆ ಉತ್ತರ ಹೊಳೆಯಲಿಲ್ಲ. ಆಮೇಲೆ ಹುಡುಕಿದಾಗ ಒಂದು ದಾರಿ ಕಂಡಿತು. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ 55 ದಾಟಿದವರು ಮನೆ ತೆರಿಗೆಯನ್ನು ಮುಂದಕ್ಕೆ ಹಾಕಬಹುದು. ಬಾಕಿ ಮನೆಯ ಮೇಲೆ ಕೂತಿರುತ್ತದೆ. ಮನೆ ಮಾರಿದಾಗ ಬಡ್ಡಿ ಸಮೇತ ತೀರುತ್ತದೆ. ಅಜ್ಜಿ ಬದುಕಿರುವವರೆಗೆ ನೆಮ್ಮದಿಯಿಂದ ಇರುತ್ತಾರೆ, ಊರಿನ ಹಣವೂ ಮುಳುಗುವುದಿಲ್ಲ. ನಮ್ಮ ಉತಾರದಲ್ಲಿ, ಅಂದರೆ ಆಸ್ತಿಯ ದಾಖಲೆಯಲ್ಲಿ, ಬ್ಯಾಂಕ್ ಸಾಲದ ಬೋಜಾ ಬರೆಯುತ್ತೀವಲ್ಲ, ಅದೇ ತರ ಇದನ್ನೂ ಬರೆಯಬಹುದು. ಇಂಥ ಅಜ್ಜಿಯರ ಹೆಸರು ಹೇಳಿ ಇಡೀ ಊರಿನ ತೆರಿಗೆ ಏರಿಸಬೇಡಿ ಅನ್ನುವವರಲ್ಲಿ ಮೂರು ಕಾಂಪ್ಲೆಕ್ಸ್ ಇರುವವರೂ ಇರುತ್ತಾರೆ. ಅಜ್ಜಿಗೆ ಬೇಕಾದ ನೆರವನ್ನು ಅಜ್ಜಿಗೇ ಕೊಟ್ಟರೆ ಸಾಕು.

ಏಪ್ರಿಲ್‌ನಲ್ಲಿ ತುಂಬಿದರೆ ಶೇ 5 ರಿಯಾಯಿತಿ, ಜೂನ್ ದಾಟಿದರೆ ತಿಂಗಳಿಗೆ ಶೇ 2 ದಂಡ. ಬೇಗ ಕಟ್ಟಲಿ ಅನ್ನುವ ಉದ್ದೇಶ ಒಳ್ಳೆಯದೇ. ಆದರೆ ಏಪ್ರಿಲ್‌ನಲ್ಲಿ ಒಟ್ಟಿಗೆ ದುಡ್ಡು ಯಾರ ಕೈಯಲ್ಲಿ ಇರುತ್ತದೆ? ದುಡ್ಡಿದ್ದವರಿಗೆ ರಿಯಾಯಿತಿ, ದುಡ್ಡಿಲ್ಲದವರಿಗೆ ದಂಡ. ತಿಂಗಳ ಕಂತಿನಲ್ಲಿ ಕಟ್ಟಲು ಬಿಟ್ಟರೆ ದಿನಗೂಲಿಯವರು ಬಾಕಿದಾರರಾಗುವುದು ಎಷ್ಟೋ ಕಡಿಮೆಯಾಗುತ್ತದೆ.

ಬೆಳಗಾವಿಯ ವಡಗಾವಿ, ಖಾಸಬಾಗ ಕಡೆ ಹೋದರೆ ಇನ್ನೊಂದು ಕಷ್ಟದ ಪ್ರಶ್ನೆ. ಅಲ್ಲಿ ನೇಕಾರರ ಮನೆಯೊಳಗೇ ಮಗ್ಗ. ಮುಂದೆ ಮಗ್ಗ, ಹಿಂದೆ ಅಡುಗೆ ಮನೆ. ಇದು ಮನೆಯೋ ಕಾರ್ಖಾನೆಯೋ? ಎರಡು ಮಗ್ಗದ ಸದ್ದಿನಲ್ಲೇ ಮಲಗುವ ಕುಟುಂಬವನ್ನು ಉದ್ಯಮಬಾಗದ ಫೌಂಡ್ರಿಯ ಸಾಲಿನಲ್ಲಿ ನಿಲ್ಲಿಸಿದರೆ ಅನ್ಯಾಯ. ಹಾಗಂತ ಮನೆ ಅಂತ ಬರೆಸಿ ಇಪ್ಪತ್ತು ಮಗ್ಗ ಓಡಿಸುವವರನ್ನು ಬಿಟ್ಟರೆ ಅದೂ ಅನ್ಯಾಯ. ಗೆರೆ ಎಲ್ಲಿ ಎಳೆಯಬೇಕು ಅನ್ನುವುದನ್ನು ಮೊದಲೇ, ಎಲ್ಲರಿಗೂ ಕಾಣುವ ಹಾಗೆ ಬರೆದಿಡಬೇಕು. ಅಳೆಯಲು ಬಂದವರ ಮರ್ಜಿಗೆ ಬಿಡಬಾರದು.

ಖಾಲಿ ಪ್ಲಾಟುಗಳ ಬಗ್ಗೆ ನನಗೆ ನಿಜಕ್ಕೂ ಸಂಕಟವಿದೆ. ಬೆಲೆ ಏರಲಿ ಅಂತ ಹದಿನೈದು ವರ್ಷ ಮುಳ್ಳುಕಂಟಿ ಬೆಳೆಸಿ ಇಟ್ಟ ಜಾಗಕ್ಕೆ, ಪಕ್ಕದಲ್ಲಿ ಮನೆ ಕಟ್ಟಿ ಬಾಳುವವರಿಗಿಂತ ಬಹಳ ಕಡಿಮೆ ತೆರಿಗೆ ಬೀಳುತ್ತದೆ. ಗಟಾರು ಮತ್ತು ದೀಪದ ಕಂಬ ಎರಡರ ಮುಂದೆಯೂ ಹೋಗುತ್ತವೆ. ಕಟ್ಟಿದವರಿಗೆ ಹೆಚ್ಚು, ಕಟ್ಟದವರಿಗೆ ಕಡಿಮೆ ಅಂದರೆ ಕಟ್ಟಿದ್ದಕ್ಕೆ ದಂಡ ಹಾಕಿದ ಹಾಗಲ್ಲವೇ? ಕಟ್ಟಡವನ್ನು ಬಿಟ್ಟು ಜಾಗದ ಬೆಲೆಯ ಮೇಲೆ ಮಾತ್ರ ತೆರಿಗೆ ಹಾಕಿ ಅಂತ ಅಮೆರಿಕದ ಅರ್ಥಚಿಂತಕ ಹೆನ್ರಿ ಜಾರ್ಜ್ 19ನೇ ಶತಮಾನದಲ್ಲೇ ವಾದಿಸಿದ್ದರು. ಪೂರ್ತಿ ಹಾಗೆ ಮಾಡಲು ಆಗದಿದ್ದರೂ ಭಾರವನ್ನು ಸ್ವಲ್ಪ ಜಾಗದ ಕಡೆ ಸರಿಸಬಹುದು.

ಬಳಸಿದಷ್ಟು ಕೊಡುವ ಪದ್ಧತಿಯೂ ಬೆಳಗಾವಿಗೆ ಹೊಸದಲ್ಲ. 2008ರ ಸುಮಾರಿಗೆ ಇಲ್ಲಿ, ಹುಬ್ಬಳ್ಳಿ-ಧಾರವಾಡದಲ್ಲಿ ಮತ್ತು ಕಲಬುರಗಿಯಲ್ಲಿ ಆಯ್ದ ಕೆಲವು ಭಾಗಗಳಿಗೆ ದಿನವಿಡೀ ನೀರು, ಮನೆಮನೆಗೆ ಮೀಟರ್ ಬಂತು. ನೀರಿಗೆ ಮೀಟರ್ ಸರಿ. ಆದರೆ ಆರು ಜನರ ಟೈಲರ್ ಮನೆಯನ್ನು ನೆನಪಿಡಿ. ಮೊದಲ ಇಷ್ಟು ಸಾವಿರ ಲೀಟರ್ ತೀರಾ ಅಗ್ಗ, ಆಮೇಲೆ ಮೆಟ್ಟಿಲ ಹಾಗೆ ದುಬಾರಿ ಅಂತ ಮಾಡಿದರೆ ಮಾತ್ರ ಅದು ನ್ಯಾಯ. ಇನ್ನು ಬೀದಿ ದೀಪಕ್ಕೆ, ಮಳೆ ನೀರಿನ ಗಟಾರಿಗೆ, ಸೊಳ್ಳೆ ಔಷಧಿಗೆ ಮೀಟರ್ ಹಚ್ಚಲು ಬರುವುದಿಲ್ಲ. ಬಡ ಓಣಿಯ ಡೆಂಗಿ ಶ್ರೀಮಂತ ಓಣಿಗೂ ಹಾರುತ್ತದೆ. ಅವಕ್ಕೆ ಪಟ್ಟಿಯೇ ಬೇಕು.

ಪಟ್ಟಿಯ ಹೊರಗೆ ಯಾರಿದ್ದಾರೆ ಅನ್ನುವುದೂ ನೋಡಬೇಕು. ಬೆಳಗಾವಿಯಲ್ಲಿ ಒಂದೇ ರಸ್ತೆ ಹಿಡಿದು ಹೋದರೆ ಪಾಲಿಕೆ, ಕಂಟೋನ್ಮೆಂಟ್ (ಸೇನೆಯ ದಂಡು ಪ್ರದೇಶ), ಗ್ರಾಮ ಪಂಚಾಯಿತಿ ಅಂತ ಮೂರು ಆಡಳಿತ ದಾಟುತ್ತೀವಿ. ಸಂವಿಧಾನದ 285ನೇ ವಿಧಿ ಪ್ರಕಾರ ಕೇಂದ್ರ ಸರ್ಕಾರದ ಆಸ್ತಿಗೆ ಸ್ಥಳೀಯ ತೆರಿಗೆ ಇಲ್ಲ. ರೈಲ್ವೆ, ಅಂಚೆ, ಸೇನೆ ಎಲ್ಲವೂ ಅದರಲ್ಲಿ ಬರುತ್ತವೆ. ಆದರೂ ರಸ್ತೆ, ಗಟಾರು ಬಳಸುತ್ತಾರಲ್ಲ? ರಾಜ್‌ಕೋಟ್ ಪಾಲಿಕೆಯ ಪ್ರಕರಣದಲ್ಲಿ 2009ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಇದು ಇತ್ಯರ್ಥವಾಯಿತು. ತೆರಿಗೆ ಬದಲು ಸೇವಾ ಶುಲ್ಕ ಕೊಡಬೇಕು. ಪೂರ್ತಿ ಸೌಲಭ್ಯ ಬಳಸಿದರೆ ತೆರಿಗೆಯ ಶೇ 75, ಭಾಗಶಃ ಬಳಸಿದರೆ ಶೇ 50, ಏನೂ ಬಳಸದಿದ್ದರೂ ಮೂರರಲ್ಲಿ ಒಂದು ಭಾಗ. ಪ್ರತಿ ಪಾಲಿಕೆಯೂ ಈ ಹಣವನ್ನು ಬೆನ್ನು ಹತ್ತಿ ಕೇಳಬೇಕು. ವಿಜಯಪುರದ ಗೋಲಗುಮ್ಮಟ, ಬಾಗಲಕೋಟೆ ಜಿಲ್ಲೆಯ ಪಟ್ಟದಕಲ್ಲು ನೋಡಲು ಬರುವವರ ಟಿಕೆಟ್ ಹಣ ಪುರಾತತ್ವ ಇಲಾಖೆಯ ಮೂಲಕ ಕೇಂದ್ರಕ್ಕೆ ಹೋಗುತ್ತದೆ. ಹೊರಗಿನ ರಸ್ತೆಯಲ್ಲಿ ಅವರು ಬಿಟ್ಟ ಬಾಟಲಿ ಎತ್ತುವುದು ಊರವರೇ.

ಹಳ್ಳಿಗಳಲ್ಲಿ ಇದರದ್ದೇ ಇನ್ನೊಂದು ರೂಪ. ಒಂದು ಪಂಚಾಯಿತಿ ಹದ್ದಿನಲ್ಲಿ ಸಕ್ಕರೆ ಕಾರ್ಖಾನೆ ಇರುತ್ತದೆ, ತೆರಿಗೆ ಆ ಪಂಚಾಯಿತಿಗೆ ಬರುತ್ತದೆ. ಕಬ್ಬಿನ ಟ್ರ್ಯಾಕ್ಟರುಗಳು ಡಬಲ್ ಟ್ರೇಲರ್ ಹಾಕಿಕೊಂಡು ಸುತ್ತಲಿನ ಹತ್ತು ಪಂಚಾಯಿತಿಗಳ ರಸ್ತೆ ಕೆಡಿಸುತ್ತವೆ. ಆ ಹತ್ತಕ್ಕೆ ಏನೂ ಇಲ್ಲ. ವಾಹನದ ತೆರಿಗೆ ಬೆಂಗಳೂರಿಗೆ ಹೋಗುತ್ತದೆ. ಅದಕ್ಕೇ ಪ್ರತಿ ಊರೂ ತನ್ನ ದುಡಿಮೆಯಲ್ಲೇ ಬದುಕಲಿ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಹಾಗೆ ಬಿಟ್ಟರೆ ಇದ್ದ ಊರು ಮೇಲೇರುತ್ತದೆ, ಇಲ್ಲದ್ದು ಅಲ್ಲೇ ಉಳಿಯುತ್ತದೆ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73 ಮತ್ತು 74ನೇ ತಿದ್ದುಪಡಿಗಳು ರಾಜ್ಯದ ಹಣವನ್ನು ಊರುಗಳಿಗೆ ಹೇಗೆ ಹಂಚಬೇಕು ಅಂತ ಹೇಳಲು ಪ್ರತಿ ರಾಜ್ಯದಲ್ಲಿ ಐದು ವರ್ಷಕ್ಕೊಮ್ಮೆ ಹಣಕಾಸು ಆಯೋಗ ಮಾಡಿ ಅಂದದ್ದು ಇದೇ ಕಾರಣಕ್ಕೆ. ಹಾಗಂತ ಬರೀ ಅನುದಾನದಲ್ಲಿ ಬದುಕುವ ಪಾಲಿಕೆ ಮೇಲಿನವರ ಮುಖ ನೋಡುತ್ತದೆ, ಓಣಿಯವರ ಮುಖ ನೋಡುವುದಿಲ್ಲ.

ಪಟ್ಟಿಯ ಹೊರಗೆ ಉಳಿದ ಇನ್ನೊಂದು ಗುಂಪು ಗುಂಟೆ ಪ್ಲಾಟಿನವರು. ಬಿನ್‌ಶೇತ್ಕಿ ಆಗದ, ಅಂದರೆ ಕಾಗದದಲ್ಲಿ ಇನ್ನೂ ಹೊಲವೇ ಆಗಿರುವ ಜಾಗದಲ್ಲಿ ಮನೆ ಕಟ್ಟಿಕೊಂಡವರು. ಎಷ್ಟೋ ವರ್ಷ ಅವರಿಗೆ ಉತಾರ ಇಲ್ಲ, ಪಾಲಿಕೆಗೆ ತೆರಿಗೆ ಇಲ್ಲ, ಅವರ ಓಣಿಗೆ ಗಟಾರು ಇಲ್ಲ. 2025ರಿಂದ ಅಂಥವರಿಗೆ ಬಿ ಖಾತಾ, ಅಂದರೆ ಅನಧಿಕೃತ ಬಡಾವಣೆಯ ಮನೆಗಳನ್ನು ತೆರಿಗೆಯ ಲೆಕ್ಕಕ್ಕೆ ತರುವ ದಾಖಲೆ, ಕೊಡುತ್ತಿದ್ದಾರೆ. ಕಳೆದ ವರ್ಷ ಹೊಸ ಉತಾರ ಕೈಗೆ ಬಂದ ಗೆಳೆಯರೊಬ್ಬರು ನನಗೆ ಅದನ್ನು ಎರಡೂ ಕೈಯಲ್ಲಿ ಹಿಡಿದು ತೋರಿಸಿದರು. ಮಗ್ಗದ ಮೇಲೆ ದುಡಿದು ಕಟ್ಟಿದ ಮನೆ. ಆಮೇಲೆ ಅವರು ಮೊದಲು ಕೇಳಿದ್ದು ತೆರಿಗೆ ಎಷ್ಟು ಅಂತಲ್ಲ. "ನಮ್ಮ ವಾರ್ಡಿನ ಸಭಾ ಯಾವಾಗ ಇರತೈತಿ ರೀ?" ಅಂತ ಕೇಳಿದರು.